ಪೂಲ್ ಚೆಂಡಿನ ಕೊಳೆ ಮತ್ತು ಹೊಳಪು

ಪೂಲ್ ಟೇಬಲ್ಲಿನ ಮೇಲೆ ಎರಡು ಚೆಂಡುಗಳು ಡಿಕ್ಕಿ ಹೊಡೆದಾಗ ಅವು ಪರಸ್ಪರ ತಾಗಿಕೊಂಡಿರುವ ಅವಧಿ ಒಂದು ಸೆಕೆಂಡಿನ ಮೂರು-ನಾಲ್ಕು ಸಾವಿರದಲ್ಲಿ ಒಂದು ಭಾಗದಷ್ಟು. ತಾಗುವ ಜಾಗದ ಅಗಲ ಕೆಲವೇ ಮಿಲಿಮೀಟರ್. ಯಾವ ಚೆಂಡು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ತಿರುಗುತ್ತ ಹೋಗಬೇಕೆಂಬುದು ಅಷ್ಟು ಹೊತ್ತಿನಲ್ಲಿ, ಅಷ್ಟು ಜಾಗದಲ್ಲಿ ತೀರ್ಮಾನವಾಗಿಬಿಡುತ್ತದೆ. ಆ ಚಿಕ್ಕ ಜಾಗದಲ್ಲಿ ಬೆರಳಿನ ಜಿಡ್ಡಿದೆಯೋ, ಚಾಕ್‌ನ ಪುಡಿ ಅಂಟಿದೆಯೋ, ಮೇಣದ ತೆಳು ಪದರವಿದೆಯೋ ಎಂಬುದನ್ನು ಅವಲಂಬಿಸಿ ಬಣ್ಣದ ಚೆಂಡು ಪಾಕೆಟ್‌ಗೆ ಬೀಳಬಹುದು, ಅದರ ಬಾಯಿಗೆ ಬಡಿದು ಹೊರಗೂ ಉಳಿಯಬಹುದು. ಚೆಂಡುಗಳನ್ನು ಒರೆಸುವುದು ನೋಟದ ಅಚ್ಚುಕಟ್ಟಿಗಾಗಿ ಮಾಡುವ ಕೆಲಸವೆಂದು ಹಲವರು ತಿಳಿದಿದ್ದಾರೆ. ಅದು ಆಟದ ಭೌತವಿಜ್ಞಾನಕ್ಕೇ ಸೇರಿದ ಕೆಲಸ.

ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ತೂಕ 156ರಿಂದ 170 ಗ್ರಾಂ. ಹತ್ತೊಂಬತ್ತನೆಯ ಶತಮಾನದಲ್ಲಿ ಒಳ್ಳೆಯ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ದಂತ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹವೆ ಬದಲಾದಂತೆ ಅದರ ಆಕಾರವೂ ಕೊಂಚ ಬದಲಾಗುತ್ತದೆ. ದಂತಕ್ಕೆ ಬದಲಿ ಹುಡುಕುತ್ತ ಹೋದ ಅಮೆರಿಕದ ಜಾನ್ ವೆಸ್ಲಿ ಹಯಾಟ್ 1860ರ ದಶಕದ ಕೊನೆಯಲ್ಲಿ ಸೆಲ್ಯುಲಾಯ್ಡ್ ಕಡೆಗೆ ತಿರುಗಿದ. 1907ರಲ್ಲಿ ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಬೇಕಲೈಟ್ ತಯಾರಿಸಿದ. ಇಂದಿನ ಉತ್ತಮ ಚೆಂಡುಗಳ ಫೀನಾಲಿಕ್ ರಾಳ ಅದೇ ವಂಶದ್ದು. ಬೆಲ್ಜಿಯಂನ ಸಲುಕ್ ಕಂಪನಿ ಆರಾಮಿತ್ ಎಂಬ ಹೆಸರಿನಲ್ಲಿ ತಯಾರಿಸುವ ಚೆಂಡುಗಳು ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ. ಒಮ್ಮೆ ಗಟ್ಟಿಯಾದ ಮೇಲೆ ಈ ರಾಳ ಮತ್ತೆ ಕರಗುವುದಿಲ್ಲ, ಅದರ ಅಣುಗಳು ಎಲ್ಲ ದಿಕ್ಕಿನಲ್ಲೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಗಡಸುತನವೂ ಬಹುಕಾಲ ಉಳಿಯುವ ನುಣುಪೂ ಬರುವುದು ಈ ಬೆಸುಗೆಯಿಂದ. ಅಗ್ಗದ ಸೆಟ್‌ಗಳಲ್ಲಿ ಬಳಸುವ ಪಾಲಿಯೆಸ್ಟರ್ ಇದಕ್ಕಿಂತ ಮೆದು. ಅದರ ಮೇಲೆ ಗೀರು ಬೇಗ ಬೀಳುತ್ತದೆ, ಗೀರಿನಲ್ಲಿ ಕೊಳೆ ಬೇಗ ಕೂರುತ್ತದೆ.

ಕೊಳೆ ಬರುವ ದಾರಿಗಳು ಹಲವು. ಚೆಂಡನ್ನು ಪಾಕೆಟ್‌ನಿಂದ ತೆಗೆದು ತ್ರಿಕೋನದಲ್ಲಿ ಜೋಡಿಸುವ ಕೈಗಳ ಬೆವರು ಮತ್ತು ಎಣ್ಣೆಯಂಶ, ಕ್ಯೂ ಕೋಲು ಸರಾಗವಾಗಿ ಜಾರಲೆಂದು ಆಟಗಾರರು ಕೈಗೆ ಹಚ್ಚಿಕೊಳ್ಳುವ ಪೌಡರ್, ಬಟ್ಟೆಯ ಎಳೆಯ ಧೂಳು. ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಚಾಕ್. ಹೆಸರು ಚಾಕ್ ಆದರೂ ಅದರಲ್ಲಿ ಶಾಲೆಯ ಬಳಪದ ಸುಣ್ಣವಿಲ್ಲ. ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ 1897ರಲ್ಲಿ ಪೇಟೆಂಟ್ ಪಡೆದ ಮಿಶ್ರಣದಿಂದ ಮೊದಲಾಗಿ ಅದರ ಜೀವಾಳ ಸಿಲಿಕಾ ಮತ್ತು ಅಲ್ಯುಮಿನಿಯಂ ಆಕ್ಸೈಡ್‌ನಂಥ ಗಡಸು ಕಣಗಳು. ಕ್ಯೂ ತುದಿಯ ಚರ್ಮ, ಅಂದರೆ ಟಿಪ್ಪು, ಚೆಂಡಿನ ಮೇಲೆ ಜಾರದಂತೆ ಹಿಡಿಯುವುದೇ ಅವುಗಳ ಕೆಲಸ. ಚಾಕ್ ಹಚ್ಚಿದ ಟಿಪ್ಪು ಚೆಂಡಿನ ಕೇಂದ್ರದಿಂದ ತ್ರಿಜ್ಯದ ಅರ್ಧದಷ್ಟು ದೂರದವರೆಗೂ ಜಾರದೆ ಹೊಡೆಯಬಲ್ಲದು. ಆದರೆ ಪ್ರತಿ ಹೊಡೆತದಲ್ಲೂ ಬಿಳಿ ಚೆಂಡಿನ ಮೇಲೆ ಒಂದು ಸಣ್ಣ ನೀಲಿ ಚುಕ್ಕೆ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಬಟ್ಟೆಗೆ ಇಳಿಯುತ್ತದೆ, ಬಟ್ಟೆಯಿಂದ ಉಳಿದ ಚೆಂಡುಗಳಿಗೆ ಹತ್ತುತ್ತದೆ. ಟಿಪ್ಪಿನ ಮೇಲೆ ಅಗತ್ಯವಾದ ಘರ್ಷಣೆ ಚೆಂಡುಗಳ ನಡುವೆ ಬಂದು ಕೂತರೆ ಅನರ್ಥ.

ಎರಡು ಚೆಂಡುಗಳ ನಡುವಿನ ಘರ್ಷಣೆ ಬಹಳ ಕಡಿಮೆ. ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸಿ, ಪೂಲ್‌ನ ಭೌತವಿಜ್ಞಾನದ ಮೇಲೆ ದೀರ್ಘಕಾಲ ಕೆಲಸ ಮಾಡಿರುವ ಡೇವಿಡ್ ಆಲ್ಸಿಯಟೋರ್ ಕೊಡುವ ಲೆಕ್ಕದಂತೆ ಈ ಘರ್ಷಣಾಂಕ 0.03ರಿಂದ 0.08ರವರೆಗೆ ಇರುತ್ತದೆ, ಸಾಮಾನ್ಯವಾಗಿ 0.06ರ ಆಸುಪಾಸು. ಚೆಂಡು ಮತ್ತು ಬಟ್ಟೆಯ ನಡುವೆ ಅದು ಸುಮಾರು 0.2. ಸಂಖ್ಯೆ ಚಿಕ್ಕದೆಂದು ಚೆಂಡುಗಳ ನಡುವಿನ ಘರ್ಷಣೆಯನ್ನು ಕೈಬಿಡುವಂತಿಲ್ಲ. ಬಿಳಿ ಚೆಂಡು ಬಣ್ಣದ ಚೆಂಡನ್ನು ಓರೆಯಾಗಿ ಹೊಡೆದಾಗ ಬಣ್ಣದ ಚೆಂಡು ಎರಡೂ ಚೆಂಡುಗಳ ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ ಹೋಗಬೇಕು. ಘರ್ಷಣೆಯೇ ಇಲ್ಲದಿದ್ದರೆ ಹಾಗೇ ಹೋಗುತ್ತಿತ್ತು. ನಿಜದ ಟೇಬಲ್ಲಿನಲ್ಲಿ ಬಿಳಿ ಚೆಂಡಿನ ಮೈ ಬಣ್ಣದ ಚೆಂಡಿನ ಮೈಯನ್ನು ಉಜ್ಜಿಕೊಂಡು ಹೋಗುತ್ತ, ತಾನು ಸಾಗುತ್ತಿರುವ ಕಡೆಗೆ ಅದನ್ನು ತುಸು ಎಳೆಯುತ್ತದೆ. ಆಟಗಾರರು ಇದನ್ನು ಥ್ರೋ ಎನ್ನುತ್ತಾರೆ.

ಥ್ರೋ ಎಷ್ಟೆಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಬಿಳಿ ಚೆಂಡು ಸುತ್ತದೆ, ಬರೀ ಜಾರುತ್ತ ಬಂದು ತಾಗುವ ಹೊಡೆತವನ್ನು ತೆಗೆದುಕೊಳ್ಳೋಣ. ಇದಕ್ಕೆ ಸ್ಟನ್ ಎಂದು ಹೆಸರು. ಮೈಗಳು ತಾಗಿದಷ್ಟೂ ಹೊತ್ತು ಜಾರುತ್ತಲೇ ಇದ್ದರೆ ಥ್ರೋ ಕೋನದ ಟ್ಯಾನ್ ಬೆಲೆ ಘರ್ಷಣಾಂಕಕ್ಕೆ ಸಮ. ಘರ್ಷಣಾಂಕ 0.06 ಆದರೆ ಕೋನ ಸುಮಾರು 3.4 ಡಿಗ್ರಿ. ಅಂದರೆ ಒಂದು ಮೀಟರ್ ದೂರದಲ್ಲಿ ಚೆಂಡು 6 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ, ಒಂದು ಚೆಂಡಿನ ಅಗಲಕ್ಕಿಂತ ತುಸು ಹೆಚ್ಚು. ಅನುಭವಿ ಆಟಗಾರ ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡೇ ಗುರಿಯಿಡುತ್ತಾನೆ, ತಾನು ಹಾಗೆ ಮಾಡುತ್ತಿದ್ದೇನೆಂಬ ಅರಿವು ಅವನಿಗೆ ಇಲ್ಲದೆಯೂ ಇರಬಹುದು. ಈಗ ಅದೇ ಆಟಗಾರ ಮೇಣ ಹಚ್ಚಿದ ಚೆಂಡುಗಳ ಟೇಬಲ್ಲಿಗೆ ಹೋದನೆನ್ನೋಣ. ಘರ್ಷಣಾಂಕ 0.03ಕ್ಕೆ ಇಳಿದರೆ ಸರಿಯುವಿಕೆ 3 ಸೆಂ.ಮೀ. ಮಾತ್ರ. ಟೂರ್ನಮೆಂಟ್ ಟೇಬಲ್ಲಿನ ಮೂಲೆ ಪಾಕೆಟ್‌ನ ಬಾಯಿ ಸುಮಾರು 11.4 ಸೆಂ.ಮೀ. ಅಗಲ. ಚೆಂಡಿನ ಅಗಲ ಕಳೆದರೆ ನಡುವಿನಿಂದ ಆಚೀಚೆ ಉಳಿಯುವ ಸಲಿಗೆ ಸುಮಾರು 2.9 ಸೆಂ.ಮೀ. ಗುರಿ, ಕೈ, ಕಣ್ಣು ಒಂದೂ ಬದಲಾಗದೆ, ಚೆಂಡಿನ ಮೈ ಮಾತ್ರ ಬದಲಾಗಿ ಆ ಸಲಿಗೆಯಷ್ಟೂ ಖರ್ಚಾಗಿಹೋಯಿತು!

ಇಲ್ಲೊಂದು ಕುತೂಹಲದ ಸಂಗತಿಯಿದೆ. ಎಲ್ಲ ಹೊಡೆತಗಳಿಗೂ ಕೊಳೆ ಸಮಾನವಾಗಿ ತಟ್ಟುವುದಿಲ್ಲ. ಓರೆ ಕಡಿಮೆಯಿದ್ದಾಗ, ಅಂದರೆ ಬಿಳಿ ಚೆಂಡು ಹೆಚ್ಚುಕಡಿಮೆ ನೇರವಾಗಿ ಹೊಡೆದಾಗ, ಮೈಗಳ ಜಾರಾಟ ತಾಗುವಿಕೆ ಮುಗಿಯುವ ಮೊದಲೇ ನಿಂತುಹೋಗುತ್ತದೆ. ಜಾರಾಟ ನಿಂತ ಮೇಲೆ ಘರ್ಷಣಾಂಕ ಎಷ್ಟಿದ್ದರೂ ಎಳೆಯಲು ಏನೂ ಉಳಿದಿರುವುದಿಲ್ಲ. ಸಮ ತೂಕದ ಎರಡು ಗಟ್ಟಿ ಗೋಲಗಳಿಗೆ ಥ್ರೋ ಕೋನದ ಟ್ಯಾನ್ ಬೆಲೆಯ ಮಿತಿ ಓರೆಕೋನದ ಟ್ಯಾನ್ ಬೆಲೆಯ ಏಳನೆಯ ಒಂದು ಭಾಗ. 10 ಡಿಗ್ರಿಯ ಓರೆ ಹೊಡೆತದಲ್ಲಿ ಚೆಂಡು ಶುಭ್ರವಾಗಿರಲಿ, ಕೊಳಕಾಗಿರಲಿ, ಥ್ರೋ 1.4 ಡಿಗ್ರಿಯನ್ನು ದಾಟದು. 45 ಡಿಗ್ರಿಯ ಓರೆಯಲ್ಲಿ ಅದೇ ಮಿತಿ 8 ಡಿಗ್ರಿಗೆ ಏರುತ್ತದೆ. ಶುಭ್ರ ಚೆಂಡು ಅಲ್ಲಿ 3 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ, ತಾಗುವ ಜಾಗಕ್ಕೆ ಸರಿಯಾಗಿ ಚಾಕ್ ಚುಕ್ಕೆ ಬಂದ ಚೆಂಡು 8ರ ಮಿತಿಯತ್ತ ಹೋಗಬಹುದು. ಒಂದು ಮೀಟರ್ ದೂರದಲ್ಲಿ ಅದು 14 ಸೆಂ.ಮೀ. ಸರಿಯುವಿಕೆ. ಕೊಳಕು ಚೆಂಡುಗಳ ಟೇಬಲ್ಲಿನಲ್ಲಿ ನೇರ ಹೊಡೆತಗಳು ಸರಿಹೋಗುತ್ತ, ದೊಡ್ಡ ಓರೆಯವು ಮಾತ್ರ ಕೈಕೊಡುತ್ತಿದ್ದರೆ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ವೇಗದ ಪಾತ್ರವೂ ಇದೆ. ವೇಲ್ಯಾಂಡ್ ಮಾರ್ಲೋ ಪೂಲ್‌ನ ಭೌತವಿಜ್ಞಾನದ ಬಗೆಗಿನ 1995ರ ತಮ್ಮ ಪುಸ್ತಕದಲ್ಲಿ ಕೊಟ್ಟ ಅಳತೆಗಳು ತೋರಿಸುವಂತೆ, ಮೈಗಳು ಒಂದರ ಮೇಲೊಂದು ನಿಧಾನವಾಗಿ ಜಾರಿದಾಗ ಘರ್ಷಣಾಂಕ ಹೆಚ್ಚು, ವೇಗವಾಗಿ ಜಾರಿದಾಗ ಕಡಿಮೆ. ಹಾಗಾಗಿ ಮೆಲ್ಲಗೆ ಹೊಡೆದ ಓರೆ ಹೊಡೆತದಲ್ಲಿ ಥ್ರೋ ಹೆಚ್ಚು. ಬಿಳಿ ಚೆಂಡನ್ನು ಹತ್ತಿರದಲ್ಲೇ ನಿಲ್ಲಿಸಬೇಕೆಂದು ನಾಜೂಕಾಗಿ ಆಡುವವರೇ ಹಾಗಾಗಿ ಕೊಳೆಗೆ ಹೆಚ್ಚು ಬಲಿಯಾಗುತ್ತಾರೆ.

ಥ್ರೋವನ್ನು ಪೂರ್ತಿ ಅಳಿಸುವ ಒಂದು ಹೊಡೆತವೂ ಉಂಟು. ಬಿಳಿ ಚೆಂಡಿಗೆ ಹೊರಬದಿಯ ಸೈಡ್ ಸ್ಪಿನ್ ಕೊಟ್ಟು, ತಾಗುವ ಬಿಂದುವಿನಲ್ಲಿ ಅದರ ಮೈ ಹಿಂದಕ್ಕೆ ತಿರುಗುವ ವೇಗವೂ ಚೆಂಡು ಪಕ್ಕಕ್ಕೆ ಸಾಗುವ ವೇಗವೂ ಸರಿಸಮವಾಗುವಂತೆ ಮಾಡಿದರೆ, ಎರಡು ಮೈಗಳು ಹಲ್ಲುಚಕ್ರಗಳಂತೆ ಉರುಳುತ್ತವೆ, ಉಜ್ಜಾಟವೇ ನಡೆಯುವುದಿಲ್ಲ. ಅರ್ಧ ಚೆಂಡಿನ ಹೊಡೆತಕ್ಕೆ, ಅಂದರೆ 30 ಡಿಗ್ರಿಯ ಓರೆಗೆ, ಕ್ಯೂ ತುದಿ ಕೇಂದ್ರದಿಂದ ಪಕ್ಕಕ್ಕೆ ತ್ರಿಜ್ಯದ ಐದನೆಯ ಒಂದು ಭಾಗ, ಸುಮಾರು 6 ಮಿ.ಮೀ. ಸರಿದು ಹೊಡೆದರೆ ಸಾಕು. ಉಜ್ಜಾಟವಿಲ್ಲದ ಮೇಲೆ ಘರ್ಷಣಾಂಕದ ಮಾತೂ ಇಲ್ಲ. ಅಪರಿಚಿತ ಕ್ಲಬ್ಬಿನಲ್ಲಿ, ಚೆಂಡುಗಳ ಸ್ಥಿತಿ ನಂಬಿಕೆಗೆ ಬಾರದಿದ್ದಾಗ, ಪರಿಣತರು ಈ ಹೊಡೆತದ ಮೊರೆ ಹೋಗುವುದಕ್ಕೆ ಒಳ್ಳೆಯ ಕಾರಣವಿದೆ. ಆದರೆ ಸೈಡ್ ಸ್ಪಿನ್ ಕೊಟ್ಟಾಗ ಬಿಳಿ ಚೆಂಡಿನ ದಾರಿಯೇ ಗುರಿಯಿಂದ ಸ್ವಲ್ಪ ಕದಲುತ್ತದೆ. ಹೊಸಬರಿಗೆ ಇದು ಒಂದು ಕಷ್ಟ ಬಿಟ್ಟು ಇನ್ನೊಂದನ್ನು ಕೊಂಡಂತಾಗುತ್ತದೆ.

ಕೊಳೆ ಕೊಡುವ ಕಾಟಗಳಲ್ಲಿ ಅತಿ ಕುಖ್ಯಾತವಾದುದು ಸ್ಕಿಡ್. ಸ್ನೂಕರ್ ಆಡುವವರು ಇದನ್ನೇ ಕಿಕ್ ಎನ್ನುತ್ತಾರೆ. ಉರುಳುತ್ತ ಬರುವ ಬಿಳಿ ಚೆಂಡಿನ ಮುಂಭಾಗ ಕೆಳಮುಖವಾಗಿ ಚಲಿಸುತ್ತಿರುತ್ತದೆ. ತಾಗುವ ಬಿಂದುವಿನಲ್ಲಿ ಚಾಕ್ ಸಿಕ್ಕಿಕೊಂಡರೆ ಘರ್ಷಣೆ ಆ ಕ್ಷಣಕ್ಕೆ ಹಲವು ಪಟ್ಟು ಏರಿ, ಬಣ್ಣದ ಚೆಂಡನ್ನು ಬಟ್ಟೆಯೊಳಕ್ಕೆ ಒತ್ತುತ್ತದೆ. ಪ್ರತಿಕ್ರಿಯೆಯಾಗಿ ಬಿಳಿ ಚೆಂಡು ಮೇಲಕ್ಕೆ ತಳ್ಳಿಸಿಕೊಂಡು ಕಣ್ಣಿಗೆ ಕಾಣುವಷ್ಟು ನೆಗೆಯುತ್ತದೆ. ಸದ್ದು ಕೂಡ ಬೇರೆ: ಗರಿಗರಿಯಾದ ಟಕ್ ಬದಲು ಮಂಕಾದ ಥಪ್. ಬಣ್ಣದ ಚೆಂಡು ಹಿಂದಕ್ಕೆ ಸುತ್ತುತ್ತ ಜಾರಿ ವೇಗ ಕಳೆದುಕೊಳ್ಳುತ್ತದೆ, ದಿಕ್ಕು ತಪ್ಪುತ್ತದೆ. ಉರುಳುವ ಬಲವನ್ನು ಬಿಟ್ಟುಕೊಟ್ಟ ಬಿಳಿ ಚೆಂಡು ತಲುಪಬೇಕಾದ ಜಾಗಕ್ಕಿಂತ ಮೊದಲೇ ನಿಲ್ಲುತ್ತದೆ. ಒಂದೇ ಹೊಡೆತದಲ್ಲಿ ಎರಡು ನಷ್ಟ. ಚಾಕ್ ಚುಕ್ಕೆ ನಿಖರವಾಗಿ ಅದೇ ಮಿಲಿಮೀಟರಿಗೆ ಬಂದಾಗ ಮಾತ್ರ ಹೀಗಾಗುವುದರಿಂದ ಇದನ್ನು ಮುಂಚಿತವಾಗಿ ಊಹಿಸಲಾಗದು. ಆಟಗಾರನ ತಪ್ಪಿಲ್ಲದೆಯೇ ಒಂದು ಫ್ರೇಮ್ ಕೈಜಾರಬಹುದು ಎಂಬುದೇ ಇದರಲ್ಲಿನ ಅನ್ಯಾಯ. ಬಿಳಿ ಕೈಗವಸು ತೊಟ್ಟ ರೆಫರಿ ಆಟಗಾರನ ಕೋರಿಕೆಯ ಮೇರೆಗೆ ಚೆಂಡನ್ನು ಎತ್ತಿ ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುವ ಪದ್ಧತಿ ಸ್ನೂಕರ್‌ನಲ್ಲಿ ಇರುವುದು ಇದಕ್ಕಾಗಿ. ಬೆಂಗಳೂರಿನ ಪಂಕಜ್ ಅಡ್ವಾಣಿ ಅನೇಕ ವಿಶ್ವ ಪ್ರಶಸ್ತಿಗಳನ್ನು ಗೆದ್ದಿರುವ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಳನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಆ ದೃಶ್ಯ ಪರಿಚಿತ. ಇತ್ತೀಚಿನ ವರ್ಷಗಳಲ್ಲಿ ಫಿನ್ಲೆಂಡಿನ ಟಾಮ್ ಕಂಪನಿಯ ಚಾಕ್ ವೃತ್ತಿಪರರಲ್ಲಿ ಜನಪ್ರಿಯವಾದುದಕ್ಕೂ ಅದು ಚೆಂಡಿನ ಮೇಲೆ ಗುರುತು ಕಡಿಮೆ ಬಿಡುತ್ತದೆಂಬುದೇ ಮುಖ್ಯ ಕಾರಣ.

ಚೆಂಡಿನ ಮೈ ಬಟ್ಟೆಯ ಜೊತೆಗೂ ವ್ಯವಹರಿಸುತ್ತದೆ. ನಡುವಿಗೆ ಹೊಡೆದ ಬಿಳಿ ಚೆಂಡು ಮೊದಲು ಜಾರುತ್ತದೆ. ಬಟ್ಟೆಯ ಘರ್ಷಣೆ ಅದನ್ನು ನಿಧಾನವಾಗಿ ಉರುಳಿಸತೊಡಗುತ್ತದೆ. ಪೂರ್ತಿ ಉರುಳುವ ಹೊತ್ತಿಗೆ ವೇಗ ಮೊದಲಿನ ಏಳರಲ್ಲಿ ಐದು ಭಾಗಕ್ಕೆ ಇಳಿದಿರುತ್ತದೆ. ಈ ಐದು-ಏಳರ ಲೆಕ್ಕಕ್ಕೆ ಬಟ್ಟೆ ಹೊಸದೋ ಹಳೆಯದೋ, ಚೆಂಡು ನುಣುಪೋ ಒರಟೋ ಎಂಬ ಭೇದವಿಲ್ಲ. ಬದಲಾಗುವುದು ಅಲ್ಲಿಗೆ ತಲುಪಲು ಬೇಕಾದ ದೂರ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟ ಚೆಂಡು, ಘರ್ಷಣಾಂಕ 0.2 ಇದ್ದರೆ, ಅರ್ಧ ಮೀಟರ್ ಜಾರಿ ಉರುಳತೊಡಗುತ್ತದೆ. 0.15 ಇದ್ದರೆ ಸುಮಾರು 67 ಸೆಂ.ಮೀ. ಜಾರುತ್ತದೆ. ಬಣ್ಣದ ಚೆಂಡಿಗೆ ತಾಗುವ ಹೊತ್ತಿಗೆ ಬಿಳಿ ಚೆಂಡು ಜಾರುತ್ತಿದೆಯೋ ಉರುಳುತ್ತಿದೆಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿರುವುದರಿಂದ ಈ 17 ಸೆಂ.ಮೀ. ವ್ಯತ್ಯಾಸ ದೊಡ್ಡದು.

ಮೇಣ ಹಚ್ಚಿದ ಅಥವಾ ಸಿಲಿಕೋನ್ ಸವರಿದ ಚೆಂಡಿನಲ್ಲಿ, ಬಿಳಿ ಚೆಂಡನ್ನು ಹಿಂದಕ್ಕೆ ತರುವ ಡ್ರಾ ಹೊಡೆತ ಸಲೀಸೆನಿಸುವುದಕ್ಕೂ ಇದೇ ಕಾರಣ. ಹಿಂದಕ್ಕೆ ಸುತ್ತುತ್ತ ಸಾಗುವ ಚೆಂಡಿನ ಸುತ್ತನ್ನು ಬಟ್ಟೆ ದಾರಿಯುದ್ದಕ್ಕೂ ಕಡಿಮೆ ಮಾಡುತ್ತ ಬರುತ್ತದೆ. ಘರ್ಷಣೆ ಕಾಲು ಭಾಗ ಕಡಿಮೆಯಾದರೆ ನಷ್ಟವೂ ಕಾಲು ಭಾಗ ಕಡಿಮೆ. ಗುರಿ ದೂರವಿದ್ದಷ್ಟೂ ಉಳಿತಾಯ ಎದ್ದು ಕಾಣುತ್ತದೆ. ಕೈಚಳಕದ ಹೊಡೆತಗಳನ್ನು ಪ್ರದರ್ಶಿಸುವವರು ಬಿಳಿ ಚೆಂಡಿಗೆ ಜಾರುವ ಲೇಪ ಹಚ್ಚುವುದು ಹೊಸದೇನಲ್ಲ. ಆದರೆ ಓರೆ ಹೊಡೆತದ ನಂತರ ಬಿಳಿ ಚೆಂಡಿನ ದಾರಿ ಬಾಗುವುದೂ ಬಟ್ಟೆಯ ಹಿಡಿತದಿಂದಲೇ. ಹಿಡಿತ ಕಡಿಮೆಯಾದರೆ ಚೆಂಡು ಸ್ಪರ್ಶರೇಖೆಯ ಗುಂಟ ಇನ್ನಷ್ಟು ದೂರ ಓಡಿ, ತಡವಾಗಿ ಬಾಗುತ್ತದೆ. ಬಾಗಿದ ಮೇಲಿನ ದಿಕ್ಕು ಅದೇ, ದಾರಿ ಮಾತ್ರ ಪಕ್ಕಕ್ಕೆ ಸರಿದಿರುತ್ತದೆ. ಮುಂದಿನ ಹೊಡೆತಕ್ಕೆಂದು ಆಟಗಾರ ಲೆಕ್ಕ ಹಾಕಿದ ಜಾಗ ತಪ್ಪಿಹೋಗುತ್ತದೆ.

ಆಟ ಆರಂಭಿಸುವ ಬ್ರೇಕ್ ಹೊಡೆತದಲ್ಲಿ ತ್ರಿಕೋನದ ಚೆಂಡುಗಳು ಬಿಗಿಯಾಗಿ ತಾಗಿಕೊಂಡಿದ್ದರಷ್ಟೆ ಹೊಡೆತದ ಬಲ ಹಿಂದಿನ ಸಾಲಿನವರೆಗೂ ಚೆನ್ನಾಗಿ ಹರಡುತ್ತದೆ. ಅಂಟಿದ ಕೊಳೆ ನಡುವೆ ಸಂದು ಬಿಡುತ್ತದೆ, ಚೆಂಡುಗಳು ಬೇರ್ಪಡುವಾಗ ಪ್ರತಿ ತಾಗುಬಿಂದುವಿನಲ್ಲೂ ಉಜ್ಜಾಟ ಹೆಚ್ಚುತ್ತದೆ. ಶುಭ್ರ ಚೆಂಡುಗಳ ಗುಂಪು ಹೆಚ್ಚು ಅಗಲಕ್ಕೆ ಚೆದುರುತ್ತದೆಂದು ಆಟಗಾರರು ಹೇಳುವುದು ಇದಕ್ಕೆ ಹೊಂದುತ್ತದೆ.

ಚೆಂಡುಗಳು ಎಷ್ಟು ಕೊಳಕಾಗಿವೆಯೆಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಎರಡು ಬಣ್ಣದ ಚೆಂಡುಗಳನ್ನು ಒಂದಕ್ಕೊಂದು ತಾಗಿಸಿ, ಅವುಗಳ ಕೇಂದ್ರಗಳ ಗೆರೆ ಎದುರಿನ ಕುಶನ್‌ನ ಒಂದು ಗುರುತಿಗೆ ನೇರವಾಗುವಂತೆ ಇಡಬೇಕು. ಬಿಳಿ ಚೆಂಡಿನಿಂದ ಹತ್ತಿರದ ಚೆಂಡನ್ನು ಒಂದು ಬದಿಯಿಂದ ಓರೆಯಾಗಿ, ಮೆಲ್ಲಗೆ ಹೊಡೆದರೆ ದೂರದ ಚೆಂಡು ಗುರುತಿಗೆ ಹೋಗದೆ ಪಕ್ಕಕ್ಕೆ ಸರಿದು ಹೋಗುತ್ತದೆ. ಎಷ್ಟು ಸರಿಯಿತೆಂದು ಅಳೆದುಕೊಂಡು, ಚೆಂಡುಗಳನ್ನು ತೊಳೆದು ಒಣಗಿಸಿ ಅದೇ ಹೊಡೆತವನ್ನು ಮತ್ತೆ ಆಡಬೇಕು. ಎರಡು ಅಳತೆಗಳ ಅಂತರವೇ ಕೊಳೆಯ ಪಾಲು. ಒಂದೇ ಸಲ ಅಳೆದು ನಿರ್ಧರಿಸದೆ ಹಲವು ಬಾರಿ ಹೊಡೆದು ಸರಾಸರಿ ತೆಗೆಯುವುದು ಒಳ್ಳೆಯದು.

ಇಲ್ಲಿಯವರೆಗಿನ ಮಾತಿನಿಂದ ಚೆಂಡು ಎಷ್ಟು ಜಾರಿದರೆ ಅಷ್ಟು ಒಳ್ಳೆಯದು ಎಂದು ತೋರಬಹುದು. ಅದು ತಪ್ಪು. ಶುಚಿ ಬೇರೆ, ಜಾರುವ ಲೇಪ ಬೇರೆ. ಚೆಂಡನ್ನು ತೊಳೆದಾಗ ಅದರ ಸ್ವಂತ ಮೈ ಹೊರಗೆ ಬರುತ್ತದೆ. ಪಾಲಿಶ್ ಅಥವಾ ಮೇಣ ಹಚ್ಚಿದಾಗ ಆ ಮೈಯ ಮೇಲೆ ಇನ್ನೊಂದು ಪದರ ಕೂರುತ್ತದೆ. ಆ ಪದರ ಎಲ್ಲೆಡೆ ಒಂದೇ ದಪ್ಪವಿರುವುದಿಲ್ಲ, ಡಿಕ್ಕಿಯಿಂದ ಡಿಕ್ಕಿಗೆ, ಬಟ್ಟೆಗೆ ಉಜ್ಜಿದಂತೆಲ್ಲ ಸವೆಯುತ್ತದೆ. ಆಟದ ಆರಂಭದಲ್ಲಿ ಒಂದು ಬಗೆಯಾಗಿ, ಕೊನೆಯಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುವ ಚೆಂಡಿನಿಂದ ಯಾರಿಗೂ ಉಪಕಾರವಿಲ್ಲ. ಸವೆದ ಮೇಣ ಬಟ್ಟೆಗೆ ಇಳಿದು, ಧೂಳನ್ನು ಹಿಡಿದು, ಅದನ್ನೇ ಮತ್ತೆ ಚೆಂಡಿಗೆ ಹತ್ತಿಸುತ್ತದೆ. ಪೂಲ್‌ನ ವಿಶ್ವ ಸಂಸ್ಥೆಯಾದ ಡಬ್ಲ್ಯುಪಿಎ ತನ್ನ ಸಲಕರಣೆಗಳ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ: ಚೆಂಡುಗಳಿಗೆ ಪಾಲಿಶ್ ಆಗಲಿ ಮೇಣವಾಗಲಿ ಇರಬಾರದು. ಧೂಳಿಲ್ಲದ ಬಟ್ಟೆಯಿಂದ ಒರೆಸಬಹುದು, ಸೋಪು ನೀರಿನಲ್ಲಿ ತೊಳೆಯಬಹುದು. ಜಾರುವ ಪದಾರ್ಥ ಅಂಟಿದ್ದರೆ ನೀರು ಬೆರೆಸಿದ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ತೆಗೆದೇ ಆಟ ಶುರುಮಾಡಬೇಕು. ಹೊಳಪು ನೋಡಿ ಚೆಂಡಿನ ಯೋಗ್ಯತೆ ಅಳೆಯುವ ಕ್ಲಬ್ಬುಗಳು ಈ ನಿಯಮವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ನಿಜವಾದ ಹೊಳಪು ಗೀರುಗಳಿಲ್ಲದ ಮೈಯಿಂದ ಬರುತ್ತದೆ. ಚಾಕ್‌ನ ಅಲ್ಯುಮಿನಿಯಂ ಆಕ್ಸೈಡ್ ಕಣಗಳು ರಾಳಕ್ಕಿಂತ ಎಷ್ಟೋ ಗಡಸು. ಚೆಂಡಿನ ಮೇಲೆ ಉಳಿಯಲು ಬಿಟ್ಟರೆ ಅವು ಉಜ್ಜುಪುಡಿಯಂತೆ ಕೆಲಸ ಮಾಡುತ್ತವೆ. ಬಲವಾದ ಹೊಡೆತದಲ್ಲಿ ಬಟ್ಟೆಗೂ ಚೆಂಡಿಗೂ ನಡುವೆ ಹುಟ್ಟುವ ಬಿಸಿಯಿಂದಲೂ ಮೈ ಸುಟ್ಟು ಕಲೆಯಾಗುತ್ತದೆ. ಬಟ್ಟೆಯ ಮೇಲೆ ಬೀಳುವ ಬಿಳಿ ಚುಕ್ಕೆಗಳು ಅದೇ ಬಿಸಿಯ ಗುರುತು. ಹೀಗೆ ಮಂಕಾದ ಚೆಂಡುಗಳಿಗೆ ಬಹಳ ನಯವಾದ ಉಜ್ಜುಕಣಗಳಿರುವ ದ್ರವವನ್ನು ಹಚ್ಚಿ ತಿಕ್ಕುತ್ತಾರೆ. ಅದು ಮೈಯಿಂದ ಅತಿ ತೆಳುವಾದ ಪದರವನ್ನೇ ತೆಗೆಯುವ ಕೆಲಸ. ಅಪರೂಪಕ್ಕೆ ಮಾಡಿದರೆ ಸಾಕು, ವಾರವಾರವೂ ಬೇಡ. ಬಿಳಿ ಚೆಂಡು ಪ್ರತಿ ಹೊಡೆತದಲ್ಲೂ ಪಾಲ್ಗೊಳ್ಳುವುದರಿಂದ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಹಳೆಯ ಸೆಟ್‌ಗಳಲ್ಲಿ ಅದು ಉಳಿದವಕ್ಕಿಂತ ಚಿಕ್ಕದಾಗಿ, ಹಗುರವಾಗಿ ಹೋಗಿರುತ್ತದೆ. ಎಷ್ಟು ತೊಳೆದರೂ ಆ ದೋಷ ಹೋಗದು, ಹೊಸದನ್ನೇ ತರಬೇಕು.

ದಿನನಿತ್ಯದ ಶುಚಿಗೆ ಹೆಚ್ಚಿನದೇನೂ ಬೇಡ. ಉಗುರುಬೆಚ್ಚಗಿನ ನೀರು, ಕೆಲವು ಹನಿ ಪಾತ್ರೆ ತೊಳೆಯುವ ದ್ರವ, ಒಂದು ಮೆತ್ತನೆಯ ಬಟ್ಟೆ. ತೊಳೆದ ಮೇಲೆ ಸೋಪಿನ ಅಂಶ ಉಳಿಯದಂತೆ ಸ್ವಚ್ಛ ನೀರಿನಲ್ಲಿ ಅದ್ದಿ, ಮೈಕ್ರೋಫೈಬರ್ ಬಟ್ಟೆಯಿಂದ ಪೂರ್ತಿ ಒಣಗಿಸಬೇಕು. ಪಾತ್ರೆ ತಿಕ್ಕುವ ಪುಡಿ, ತಂತಿಯ ಉಜ್ಜು, ಥಿನ್ನರ್ ಇವುಗಳ ಹತ್ತಿರ ಚೆಂಡನ್ನು ಒಯ್ಯಬಾರದು. ಕಾರಿನ ಪಾಲಿಶ್ ಮೇಣ ಬಿಟ್ಟುಹೋಗುತ್ತದೆ. ದೊಡ್ಡ ಕ್ಲಬ್ಬುಗಳಲ್ಲಿ ಚೆಂಡು ತೊಳೆಯುವ ಯಂತ್ರಗಳಿರುತ್ತವೆ. ಅದರೊಳಗಿನ ಬಟ್ಟೆಯೇ ಕೊಳಕಾಗಿದ್ದರೆ ಒಂದು ಚೆಂಡಿನ ಚಾಕ್ ಹದಿನಾರಕ್ಕೂ ಹಂಚಿಹೋಗುತ್ತದೆ, ಹಾಗಾಗಿ ಅದನ್ನೂ ಆಗಾಗ ಒಗೆಯಬೇಕು. ಚೆಂಡುಗಳನ್ನು ತೊಳೆದು ಟೇಬಲ್ಲಿನ ಬಟ್ಟೆಯನ್ನು ಹಾಗೇ ಬಿಟ್ಟರೆ ಕೆಲವೇ ಆಟಗಳಲ್ಲಿ ಹಳೆಯ ಸ್ಥಿತಿ ಮರಳುತ್ತದೆ. ಬ್ರಶ್ ಇಲ್ಲವೇ ವ್ಯಾಕ್ಯೂಮ್‌ನಿಂದ ಬಟ್ಟೆಯ ಚಾಕ್ ತೆಗೆಯುವುದೂ ಅದೇ ಕೆಲಸದ ಭಾಗ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿಕೊಂಡು ಚೆಂಡಿನ ಓಟವನ್ನು ತಗ್ಗಿಸುತ್ತದೆ, ಬೆವರಿನ ಕೈಗಳ ಜಿಡ್ಡೂ ಹೆಚ್ಚಿರುತ್ತದೆ. ಆ ತಿಂಗಳುಗಳಲ್ಲಿ ಒರೆಸುವ ಸರದಿಯನ್ನು ಹೆಚ್ಚಿಸಬೇಕು.

ತೊಳೆಯುವಾಗ ಬಿಳಿ ಚೆಂಡೊಂದನ್ನೇ ತೊಳೆದು ಉಳಿದವನ್ನು ಬಿಡಬಾರದು. ಪ್ರತಿ ಡಿಕ್ಕಿಯಲ್ಲೂ ಎರಡು ಮೈಗಳಿವೆ, ಘರ್ಷಣೆಯನ್ನು ನಿರ್ಧರಿಸುವುದು ಎರಡೂ ಸೇರಿ. ಹದಿನಾರು ಚೆಂಡುಗಳೂ ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ ಆಟಗಾರನ ಲೆಕ್ಕ ಒಂದು ಹೊಡೆತದಿಂದ ಇನ್ನೊಂದಕ್ಕೆ ನಡೆಯುತ್ತದೆ.